ಅರ್ಜಿ ಹಾಕಿ, ಬೆಲೆ ಚೀಟಿ ಬೇಡ

ನಮ್ಮ ಸಂಘದ ಯಾವ ಕಾರ್ಯಕ್ರಮಕ್ಕೆ ಹೋದರೂ ವೇದಿಕೆ ಮೇಲೆ ಹಾಡು ಇರುತ್ತೆ, ಡ್ಯಾನ್ಸ್ ಇರುತ್ತೆ, ಕೊನೆಗೆ ಬಿಸಿಬೇಳೆಬಾತ್ ಇರುತ್ತೆ. ಕೈಯಿಂದ ಮಾಡಿದ ಕಲೆ ಮಾತ್ರ ಬಾಗಿಲ ಹತ್ರ ರಂಗೋಲಿಯಾಗಿಯೋ, ವೇದಿಕೆ ಹಿಂದಿನ ಅಲಂಕಾರವಾಗಿಯೋ ಉಳಿದುಬಿಡುತ್ತೆ. ಅದನ್ನು ಮಾಡಿದವರ ಹೆಸರು ವಂದನಾರ್ಪಣೆಯಲ್ಲೂ ಬರುವುದಿಲ್ಲ. ಅದಕ್ಕೇ ಹೊಸದಾಗಿ ಸಂಘಕ್ಕೆ ಸೇರಿದವರಿಗೆ ನನ್ನದು ಒಂದು ಕೋರಿಕೆ: ನಿಮಗೆ ಕಸೂತಿ ಹಾಕೋಕೆ ಬರುತ್ತಾ, ಮೈಸೂರು ಶೈಲಿಯ ಚಿತ್ರ ಬರುತ್ತಾ, ಮಣ್ಣಿನಲ್ಲಿ ಏನಾದರೂ ಮಾಡ್ತೀರಾ? ಹಾಗಾದರೆ ನೀವಿರುವ ಏರಿಯಾದ ಕಮ್ಯುನಿಟಿ ಆರ್ಟ್ ಫೇರ್‌ಗೆ ಅರ್ಜಿ ಹಾಕಿ.

"ನಾವೇನು ಆರ್ಟಿಸ್ಟಾ?" ಅನ್ನೋದು ಎಲ್ಲರ ಮೊದಲ ಪ್ರಶ್ನೆ. ಲಂಡನ್ ಈ ಪ್ರಶ್ನೆಗೆ ಅಷ್ಟು ಬೆಲೆ ಕೊಡಲ್ಲ. ರಾಯಲ್ ಅಕಾಡೆಮಿಯ ಬೇಸಿಗೆ ಪ್ರದರ್ಶನ 1769ರಿಂದ ಪ್ರತಿ ವರ್ಷ ನಡೆಯುತ್ತಿದೆ. ಅದಕ್ಕೇ ಯಾರು ಬೇಕಾದರೂ ಕೃತಿ ಕಳಿಸಬಹುದು, ಡಿಗ್ರಿ ಕೇಳುವುದಿಲ್ಲ. ಬೇಸ್‌ವಾಟರ್ ರಸ್ತೆಯಲ್ಲಿ ಭಾನುವಾರಗಳಂದು ಪಾರ್ಕಿನ ಕಬ್ಬಿಣದ ಬೇಲಿಗೇ ಚಿತ್ರ ನೇತುಹಾಕಿ ಕಲಾವಿದರು ನಿಂತಿರುತ್ತಾರೆ. ಬೆಂಗಳೂರಿನಲ್ಲಿ ಓದಿದವರಿಗೆ ಇದು ಹೊಸದೇನಲ್ಲ. ಕರ್ನಾಟಕ ಚಿತ್ರಕಲಾ ಪರಿಷತ್ತಿನ ಚಿತ್ರಸಂತೆಯ ದಿನ ಕುಮಾರಕೃಪಾ ರಸ್ತೆ ಹೇಗಿರುತ್ತೆ ಅಂತ ಗೊತ್ತಲ್ಲ, ಫುಟ್‌ಪಾತೇ ಗ್ಯಾಲರಿ. ಇಲ್ಲಿನ ಕಮ್ಯುನಿಟಿ ಫೇರ್‌ಗಳು ಅದಕ್ಕಿಂತ ಎಷ್ಟೋ ಚಿಕ್ಕವು. ಒಂದು ಚರ್ಚ್ ಹಾಲ್, ಇಲ್ಲಾ ಒಂದು ಸ್ಕೂಲ್ ಮೈದಾನ, ಮೂವತ್ತು ನಲವತ್ತು ಮೇಜು, ಅಷ್ಟೆ.

ನಾನು ಅಂಥ ಒಂದಕ್ಕೆ ಅರ್ಜಿ ತುಂಬಿದೆ. ಕೃತಿಗಳ ನಾಲ್ಕು ಫೋಟೋ, ನಮ್ಮ ಬಗ್ಗೆ ನೂರು ಪದ, ಮೇಜು ಎಷ್ಟು ದೊಡ್ಡದು ಬೇಕು, ಸಾರ್ವಜನಿಕ ಹೊಣೆಗಾರಿಕೆಯ ವಿಮೆ ಇದೆಯಾ, ಇವೆಲ್ಲ ಅರ್ಧ ಗಂಟೆಯ ಕೆಲಸ. ಯೋಚನೆಗೆ ಹಚ್ಚುವುದು ಎರಡೇ ಕಾಲಂ.

ಮೊದಲನೆಯದು: "ಇದು ನಿಮ್ಮ ಸ್ವಂತ ಕೃತಿಯೇ, ನಿಮ್ಮ ಕೈಯಿಂದಲೇ ಮಾಡಿದ್ದೇ?" ನಾನು ಸಾಗರದ ಕಡೆಯವಳು. ಬಿಡಿಸೋದು ಚಿತ್ತಾರ. ಅದು ಮಲೆನಾಡಿನ ದೀವರ ಹೆಣ್ಣುಮಕ್ಕಳ ಕಲೆ. ಕೆಮ್ಮಣ್ಣು ಬಳಿದ ಗೋಡೆ, ಅಕ್ಕಿ ಹಿಟ್ಟಿನ ಬಿಳಿ, ಹುರಿದ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿ, ಪುಂಡಿ ನಾರಿನ ಕುಂಚ. ಮದುವೆ ಮನೆಯಲ್ಲಿ ಹಸೆಗೋಡೆಗೆ ಬರೆಯುತ್ತಾರೆ. ಭೂಮಿ ಹುಣ್ಣಿಮೆಗೆ ಬುಟ್ಟಿಗೆ ಬರೆದು, ಅದರಲ್ಲಿ ಚರಗ ಹೊತ್ತು ಗದ್ದೆಗೆ ಹೋಗುತ್ತಾರೆ. ನಾನು ಆ ಸಮುದಾಯದವಳಲ್ಲ, ಪಕ್ಕದ ಮನೆ ಅಜ್ಜಿ ಹತ್ರ ಕೂತು ಕಲಿತವಳು. ಗೆರೆ ಎಳೆದ ಕೈ ನನ್ನದು ಹೌದು, ಆದರೆ ಆ ಗೆರೆ ನನ್ನದಾ?

ಎಂಜಿನಿಯರಿಂಗ್ ಓದಿದವರಿಗೆ ಇದಕ್ಕೆ ಉತ್ತರ ಗೊತ್ತಿರಬೇಕು. ಡ್ರಾಯಿಂಗ್ ಶೀಟಿನ ಕೆಳಗೆ ಬಲಮೂಲೆಯಲ್ಲಿ ಟೈಟಲ್ ಬ್ಲಾಕ್ ಹಾಕುತ್ತಿದ್ದೆವಲ್ಲ: ಬರೆದವರು ಯಾರು, ಪರಿಶೀಲಿಸಿದವರು ಯಾರು, ಒಪ್ಪಿಗೆ ಕೊಟ್ಟವರು ಯಾರು, ಮೆಟೀರಿಯಲ್ ಏನು. ಬರೆದವರು ಒಬ್ಬರೇ ಆದರೂ ಹೆಸರು ಮೂರು ಇರುತ್ತಿತ್ತು. ಅದು ಇಲ್ಲದ ಶೀಟಿಗೆ ಮಾರ್ಕ್ಸೇ ಇಲ್ಲ. ಅರ್ಜಿಯಲ್ಲೂ ನಾನು ಅದನ್ನೇ ಮಾಡಿದೆ. ಬಿಡಿಸಿದ್ದು ನಾನು, ವಿನ್ಯಾಸ ದೀವರ ಪರಂಪರೆಯದ್ದು, ಕಲಿಸಿದವರು ಇಂಥವರು, ಬಣ್ಣ ಕೆಮ್ಮಣ್ಣಲ್ಲ, ಇಲ್ಲಿನ ಅಂಗಡಿಯ ಅಕ್ರಿಲಿಕ್. ಸಂಘಟಕರು ತಕರಾರು ಮಾಡಲಿಲ್ಲ. ಅದನ್ನೇ ಕಾರ್ಡಿನಲ್ಲಿ ಬರೆದು ಮೇಜಿನ ಮೇಲೆ ಇಡಿ ಅಂದರು.

ಇದು ಸಣ್ಣ ವಿಷಯ ಅಲ್ಲ. ಸೌತ್ ಕೆನ್ಸಿಂಗ್ಟನ್‌ನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂ ಸಂಗ್ರಹದಲ್ಲಿ ಬಿದರಿ ಕೆಲಸದ ಹಳೆಯ ಹುಕ್ಕಾ ಬುಡಗಳಿವೆ. ಸತು ಮತ್ತು ತಾಮ್ರದ ಮಿಶ್ರಲೋಹ, ಅದರಲ್ಲಿ ಕೂರಿಸಿದ ಬೆಳ್ಳಿ, ಮಣ್ಣು ಹಚ್ಚಿ ಕಪ್ಪು ಮಾಡಿದ ಮೈ. ಲೋಹದ ವಿವರ ಇರುತ್ತೆ, ಕಾಲ ಇರುತ್ತೆ, ಮಾಡಿದವನ ಹೆಸರು ಹೆಚ್ಚಿನವಕ್ಕೆ ಇಲ್ಲ. ಯಾರೋ ಒಬ್ಬ ತಿಂಗಳುಗಟ್ಟಲೆ ಕೂತು ಕೊರೆದಿರುತ್ತಾನೆ, ಟೈಟಲ್ ಬ್ಲಾಕ್ ಮಾತ್ರ ಖಾಲಿ. ಕೇತಯ್ಯನನ್ನು ಮೇದರ ಕೇತಯ್ಯ ಅಂತ, ಚಂದಯ್ಯನನ್ನು ನುಲಿಯ ಚಂದಯ್ಯ ಅಂತ ಅವರ ಕೈಕೆಲಸದ ಜೊತೆಗೇ ನೆನೆಯುವ ಭಾಷೆ ನಮ್ಮದು. ಆ ಖಾಲಿ ಜಾಗವನ್ನು ನಾವಾದರೂ ತುಂಬಬೇಕು.

ಎರಡನೆಯ ಕಾಲಂ ಬೆಲೆ. ಇಲ್ಲಿ ದಯವಿಟ್ಟು ನಿಧಾನಿಸಿ. ಸ್ಟೂಡೆಂಟ್ ವೀಸಾದಲ್ಲಿರುವವರು ಸ್ವಯಂ ಉದ್ಯೋಗ ಮಾಡುವ ಹಾಗಿಲ್ಲ, ಸ್ವಂತ ವ್ಯಾಪಾರ ನಡೆಸುವ ಹಾಗಿಲ್ಲ. ಟರ್ಮ್ ಇರುವಾಗ ವಾರಕ್ಕೆ 20 ಗಂಟೆ ಕೆಲಸ ಮಾಡಬಹುದಲ್ಲ ಅಂತ ಕೇಳುತ್ತಾರೆ. ಆ 20 ಗಂಟೆ ಇನ್ನೊಬ್ಬರ ಹತ್ರ ಸಂಬಳಕ್ಕೆ ಮಾಡುವ ಕೆಲಸಕ್ಕೆ. ನಮ್ಮದೇ ಮೇಜು ಹಾಕಿ ಮಾರುವುದಕ್ಕಲ್ಲ. ಇನ್ನು ಕೆಲವರು ವರ್ಷಕ್ಕೆ 1,000 ಪೌಂಡ್‌ವರೆಗಿನ ವ್ಯಾಪಾರದ ಆದಾಯಕ್ಕೆ ತೆರಿಗೆ ಇಲ್ಲ ಅನ್ನುವುದನ್ನೇ ಅನುಮತಿ ಅಂದುಕೊಂಡಿದ್ದಾರೆ. ತೆರಿಗೆಯ ರಿಯಾಯಿತಿ ಬೇರೆ, ವೀಸಾದ ಷರತ್ತು ಬೇರೆ. 20 ಪೌಂಡಿನ ಒಂದು ಚಿತ್ರಕ್ಕೋಸ್ಕರ ಊರಲ್ಲಿ ಅಪ್ಪ ಅಮ್ಮ ಸಾಲ ಮಾಡಿ ಕಳಿಸಿದ ಓದನ್ನು ಪಣಕ್ಕಿಡಬೇಡಿ. ಅರ್ಜಿಗೆ ಮುಂಚೆ ಯೂನಿವರ್ಸಿಟಿಯ ಅಂತರರಾಷ್ಟ್ರೀಯ ವಿದ್ಯಾರ್ಥಿ ಸಲಹೆಗಾರರನ್ನು ಕೇಳಿ. ಮಾರಿದ ಹಣ ಚಾರಿಟಿಗೆ ಕೊಡುತ್ತೇವೆ ಅನ್ನುವವರೂ ಕೇಳಿಯೇ ಮುಂದುವರಿಯಿರಿ.

ಮಾರದೇ ಇದ್ದರೆ ಏನು ಪ್ರಯೋಜನ ಅಂತೀರಾ? ನಾನು ಬೆಲೆಯ ಕಾಲಂನಲ್ಲಿ "ಪ್ರದರ್ಶನಕ್ಕೆ ಮಾತ್ರ" ಅಂತ ಬರೆದೆ. ಆ ದಿನ ತುಂಬಾ ಜನ ಬೆಲೆ ಕೇಳಿದರು. ಮಾರಲ್ಲ ಅಂದ ಮೇಲೆ ಹೊರಟುಹೋಗುತ್ತಾರೆ ಅಂದುಕೊಂಡಿದ್ದೆ, ಹಾಗಾಗಲಿಲ್ಲ. ಹೇಗೆ ಮಾಡ್ತೀರಿ, ಈ ಗೆರೆ ಏನು, ಕಪ್ಪು ಎಲ್ಲಿಂದ ಬರುತ್ತೆ ಅಂತ ಶುರು ಮಾಡಿದರು. ಚೌಕಾಸಿ ಇಲ್ಲದಿದ್ದರೆ ಮಾತಿಗೆ ಜಾಗ ಸಿಗುತ್ತೆ. ಒಂದು ಮಧ್ಯಾಹ್ನದಲ್ಲಿ ಸಾಗರ ತಾಲ್ಲೂಕಿನ ಬಗ್ಗೆ ನಾನು ಆಡಿದಷ್ಟು ಮಾತು, ಇಲ್ಲಿಗೆ ಬಂದ ಮೇಲೆ ಉಳಿದೆಲ್ಲಾ ದಿನ ಸೇರಿಸಿದರೂ ಆಡಿರಲಿಲ್ಲ.

ಆದರೂ ಮೇಜಿನ ಬಾಡಿಗೆ, ವಿಮೆಯ ಖರ್ಚು ಒಬ್ಬ ವಿದ್ಯಾರ್ಥಿಗೆ ಹೊರೆಯೇ, ಒಪ್ಪುತ್ತೇನೆ. ಇಲ್ಲೇ ಸಂಘ ಮುಂದೆ ಬರಬೇಕು. ಹಾಲ್ ಬಾಡಿಗೆಗೆ, ಊಟಕ್ಕೆ ದುಡ್ಡು ಎತ್ತುವ ನಾವು ವರ್ಷಕ್ಕೆ ಒಂದು ಮೇಜಿನ ಬಾಡಿಗೆ ಎತ್ತಲಾರೆವಾ? ಸಂಘದ ಹೆಸರಲ್ಲಿ ಒಂದೇ ಅರ್ಜಿ ಹಾಕೋಣ, ಐದಾರು ಜನರ ಕೆಲಸ ಒಂದೇ ಮೇಜಿನ ಮೇಲಿಡೋಣ, ಪ್ರತಿಯೊಂದರ ಮುಂದೆ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಕಾರ್ಡ್ ಇಡೋಣ. ಸ್ಟೂಡೆಂಟ್ಸ್ ಯೂನಿಯನ್‌ನ ವಿಮೆ ನಮಗೂ ಅನ್ವಯಿಸುತ್ತಾ ಅಂತ ಒಂದು ಇಮೇಲ್ ಹಾಕಿ ವಿಚಾರಿಸೋಣ. ಇಲ್ಲೇ ಹುಟ್ಟಿ ಬೆಳೆದ ಸದಸ್ಯರಿಗೆ ವೀಸಾದ ಕಟ್ಟಿಲ್ಲ. ಅವರು ತಮ್ಮದನ್ನು ಧಾರಾಳವಾಗಿ ಮಾರಲಿ.

ಕೊನೆಗೊಂದು ಲೆಕ್ಕ. ಒಂದು ವರ್ಷದ ಮಾಸ್ಟರ್ಸ್‌ಗೆ ಬಂದವರಿಗೆ ಟೈಮ್ ಕಡಿಮೆ. ಫೇರ್ ಬೇಸಿಗೆಯಲ್ಲಿದ್ದರೂ ಅರ್ಜಿ ಎಷ್ಟೋ ತಿಂಗಳು ಮುಂಚೆ ಮುಗಿದುಹೋಗುತ್ತೆ, ಬೇಸಿಗೆಯಲ್ಲಿ ಡಿಸರ್ಟೇಷನ್ ಕುತ್ತಿಗೆಗೆ ಬಂದಿರುತ್ತೆ. ಹಾಗಾಗಿ ಸೆಪ್ಟೆಂಬರ್‌ನಲ್ಲಿ ಇಳಿದವರು ಚಳಿಗಾಲದ ರಜೆಯಲ್ಲೇ ನಾಲ್ಕು ಕೃತಿ ಮುಗಿಸಿ ಫೋಟೋ ತೆಗೆದಿಟ್ಟುಕೊಳ್ಳಿ. ಊರಿಂದ ಬರುವಾಗ ಸೂಟ್‌ಕೇಸಿನಲ್ಲಿ ಚಟ್ನಿಪುಡಿ ಪಕ್ಕ ಕಸೂತಿ ದಾರಕ್ಕೂ ಒಂದಿಷ್ಟು ಜಾಗ ಮಾಡಿ. ಮತ್ತೆ ಹೊರಡುವ ಮುಂಚೆ ಕಲಿಸಿದವರನ್ನು ಒಂದು ಮಾತು ಕೇಳಿಕೊಂಡು ಬನ್ನಿ: ಕಾರ್ಡಿನಲ್ಲಿ ನಿಮ್ಮ ಹೆಸರು ಹೇಗೆ ಬರೆಯಲಿ ಅಂತ.