ಮಂಪರಿಗೆ ಸೂಜಿಯ ಆಸರೆ

ಬಾಯಿಯಿಂದ ಜಠರಕ್ಕೆ ನಳಿಕೆ ಇಳಿಸಿ, ಒಳಗಿನ ಹುಣ್ಣು, ಗಂಟುಗಳನ್ನು ಕಣ್ಣಾರೆ ಕಾಣುವ ವಿಧಾನವೇ ಎಂಡೊಸ್ಕೋಪಿ. ಗಾಜಿನ ಎಳೆಗಳಿಂದಾದ, ಸಲೀಸಾಗಿ ಬಳುಕುವ ನಳಿಕೆಯನ್ನು ಅಮೆರಿಕದ ಮಿಷಿಗನ್‌ನಲ್ಲಿ ರೂಪಿಸಿದ ವೈದ್ಯ ಬೇಸಿಲ್ ಹಿರ್ಷೊವಿಟ್ಸ್, 1957ರಲ್ಲಿ ಮೊದಲು ತಮ್ಮ ಗಂಟಲಿಗೇ ಅದನ್ನು ಇಳಿಸಿಕೊಂಡರು! ಎಷ್ಟು ಬಳುಕಿದರೇನು, ಗಂಟಲಿಗೆ ಅದು ಹೊರಗಿನ ವಸ್ತುವೇ. ಓಕರಿಕೆ ಬರುತ್ತದೆ. ದೊಡ್ಡಕರುಳಿನ ಪರೀಕ್ಷೆಯಲ್ಲಿ ಗಾಳಿ ತುಂಬುವುದರಿಂದ ಹೊಟ್ಟೆ ಉಬ್ಬಿ ನೋಯುತ್ತದೆ.

ಇದನ್ನು ಸಹಿಸಲೆಂದು ರಕ್ತನಾಳದ ಮೂಲಕ ಮಿಡಜೋಲಮ್, ಪ್ರೊಪೊಫಾಲ್‌ನಂಥ ಮಂಪರು ಔಷಧ ಕೊಡುವುದುಂಟು. ರೋಗಿಗೆ ನೆಮ್ಮದಿ, ಆದರೆ ಪ್ರಮಾಣ ಹೆಚ್ಚಿದಂತೆ ಉಸಿರಾಟ ಕುಗ್ಗುತ್ತದೆ, ರಕ್ತದೊತ್ತಡ ಇಳಿಯುತ್ತದೆ. ಬೆರಳಿಗೆ ಕ್ಲಿಪ್ಪು ಸಿಕ್ಕಿಸಿ ರಕ್ತದ ಆಮ್ಲಜನಕವನ್ನು ಕಾಯುತ್ತ ಕೂರುವುದು ಇದಕ್ಕೇ. ವಯಸ್ಸಾದವರಲ್ಲಿ, ಶ್ವಾಸಕೋಶದ ತೊಂದರೆಯುಳ್ಳವರಲ್ಲಿ ಈ ಎಚ್ಚರ ಇನ್ನೂ ಹೆಚ್ಚು ಬೇಕು. ಹಾಗಾದರೆ ನೆಮ್ಮದಿ ಕೆಡದಂತೆ ಔಷಧವನ್ನು ತಗ್ಗಿಸಬಹುದೆ?

ಈ ಪ್ರಶ್ನೆಯೇ ವೈದ್ಯರನ್ನು ವಿದ್ಯುತ್ ಅಕ್ಯುಪಂಕ್ಚರ್‌ನತ್ತ ಕರೆದೊಯ್ದಿದೆ. ಮಂಡಿಯ ಕೆಳಗೆ, ಮುಂಗೈಯ ಒಳಬದಿಯಲ್ಲಿ ಕೂದಲಿನಂಥ ಸೂಜಿಗಳನ್ನು ಚುಚ್ಚಿ, ಜೋಡಿ ಸೂಜಿಗಳ ನಡುವೆ ಅತಿ ಕ್ಷೀಣ ವಿದ್ಯುತ್ತನ್ನು ಮಿಡಿತಗಳಾಗಿ ಹರಿಸುತ್ತಾರೆ. ಸೆಕೆಂಡಿಗೆ 2 ಮಿಡಿತವಾದರೆ ಎಂಡಾರ್ಫಿನ್, ಎನ್‌ಕೆಫಲಿನ್; 100 ಮಿಡಿತವಾದರೆ ಡೈನಾರ್ಫಿನ್. ಹೀಗೆ ದೇಹವೇ ತಯಾರಿಸುವ ನೋವುಶಾಮಕಗಳು ಬೇರೆ ಬೇರೆಯಾಗಿ ಬಿಡುಗಡೆಯಾಗುತ್ತವೆಂದು ಬೀಜಿಂಗ್‌ನ ಹಾನ್ ಜಿಶೆಂಗ್ ಅವರ ತಂಡ ಪ್ರಾಣಿಪ್ರಯೋಗಗಳಲ್ಲಿ ತೋರಿಸಿತು. 1976ರಲ್ಲಿ ಟೊರಾಂಟೊದ ಬ್ರೂಸ್ ಪೊಮೆರಾಂಟ್ಸ್ ಇಲಿಗಳಿಗೆ ನಲಾಕ್ಸೋನ್ ಕೊಟ್ಟರು. ಮಾರ್ಫಿನ್‌ನ ಪ್ರಭಾವವನ್ನು ತಡೆಯುವ ಈ ಔಷಧ ಸೂಜಿಯ ಪ್ರಭಾವವನ್ನೂ ತಡೆಯಿತು!

ಹಾಗೆಂದು ಸೂಜಿಯೊಂದೇ ಸಾಕೆಂದು ಹೇಳಲಾಗದು. 1971ರಲ್ಲಿ ಚೀನಾಕ್ಕೆ ಹೋಗಿದ್ದ ಅಮೆರಿಕದ ಪತ್ರಕರ್ತ ಜೇಮ್ಸ್ ರೆಸ್ಟನ್ ಅವರಿಗೆ ಬರೀ ಸೂಜಿ ಚುಚ್ಚಿ ಅಪೆಂಡಿಕ್ಸ್ ತೆಗೆದರೆಂಬ ಕಥೆ ಲೋಕವೆಲ್ಲ ಹಬ್ಬಿತು. ಅವರೇ ಬರೆದದ್ದು ಬೇರೆ: ಶಸ್ತ್ರಕ್ರಿಯೆ ನಡೆದದ್ದು ಮಾಮೂಲು ಅರಿವಳಿಕೆ ಚುಚ್ಚುಮದ್ದಿನಿಂದ, ಸೂಜಿ ಬಂದದ್ದು ಆಮೇಲೆ, ಹೊಟ್ಟೆಯುಬ್ಬರದ ಶಮನಕ್ಕೆ.

ಎಂಡೊಸ್ಕೋಪಿಯಲ್ಲೂ ಸೂಜಿಯದು ಜೊತೆಗಾರನ ಪಾತ್ರವೇ. ಮಂಪರಿನ ಜೊತೆ ಇದನ್ನು ಬಳಸಿದ ಕೆಲವು ಪ್ರಯೋಗಗಳಲ್ಲಿ ಔಷಧ ಕಡಿಮೆ ಸಾಕಾಯಿತು, ಕಸಿವಿಸಿಯೂ ತಗ್ಗಿತು. ಆದರೆ ಹಲವು ಪ್ರಯೋಗಗಳು ಚಿಕ್ಕವು, ಫಲಿತಾಂಶವೂ ಒಂದೇ ತೆರನಲ್ಲ. ‘ಚಿಕಿತ್ಸೆ ಸಿಗುತ್ತಿದೆ’ ಎಂಬ ನಂಬಿಕೆಯೇ ನೋವನ್ನು ತಗ್ಗಿಸಬಲ್ಲದು. ಆದ್ದರಿಂದ ಒಂದು ಗುಂಪಿಗೆ ನಿಜವಾದ ಸೂಜಿ, ಇನ್ನೊಂದಕ್ಕೆ ಹುಸಿ ಸೂಜಿ ಬಳಸಿ, ಯಾರಿಗೆ ಯಾವುದೆಂದು ರೋಗಿಗೆ ತಿಳಿಸದೆ ಹೋಲಿಸಬೇಕು. ವಿಜ್ಞಾನ ಓದುವ ಮಕ್ಕಳು ಗಮನಿಸಬೇಕಾದ ಪಾಠವಿದು.

ಹೃದಯದಲ್ಲಿ ಪೇಸ್‌ಮೇಕರ್ ಇದ್ದವರು, ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು ಅದನ್ನು ವೈದ್ಯರಿಗೆ ಮೊದಲೇ ತಿಳಿಸಬೇಕು. ಸೂಜಿ ಇರಲಿ, ಇಲ್ಲದಿರಲಿ, ಮಂಪರು ಪಡೆದವರು ಅಂದು ವಾಹನ ನಡೆಸಬಾರದು. ಮನೆಗೆ ಕರೆದೊಯ್ಯಲು ಒಬ್ಬರು ಜೊತೆಗಿರಲೇಬೇಕು. ಪರೀಕ್ಷೆಯ ಕೊಠಡಿಯಲ್ಲಿ ಸೂಜಿ ಎಷ್ಟೇ ನೆರವಾದರೂ ಉಸಿರನ್ನು ಕಾಯುವ ಕಣ್ಣಿಗೆ ಬಿಡುವಿಲ್ಲ.