ಒಂದು ಟಿಎಂಸಿಯೊಳಗೆ ಅಡಗಿದ 127

ಮುಂಗಾರು ಹಿಡಿಯಿತೆಂದರೆ ಹೊಸಪೇಟೆ, ಕಂಪ್ಲಿ ಕಡೆ ಮಾತೆಲ್ಲ ಟಿಎಂಸಿಯಲ್ಲೇ. ಡ್ಯಾಮಿಗೆ ಎಷ್ಟು ಬಂತು, ಕಾಲುವೆಗೆ ಯಾವಾಗ ಬಿಡುತ್ತಾರೆ? ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ ಎಂಬುದು ಭತ್ತ ಬೆಳೆಯುವವರಿಗೆ ಬಾಯಿಪಾಠ. ಅದನ್ನೇ ಲೀಟರಿಗೆ ತಂದರೆ 28,31,68,46,592 ಆಗುತ್ತದೆ. ಸುಮಾರು 2,831 ಕೋಟಿ ಎಂದು ಬರೆದು ಬಾಲ ಕತ್ತರಿಸುವುದು ನಮ್ಮ ರೂಢಿ. ಆದರೆ ಕೊನೆಯ 2ರವರೆಗೂ ಈ ಸಂಖ್ಯೆ ಕರಾರುವಾಕ್ಕು. ಅದರಾಚೆ ದಶಾಂಶವೇ ಇಲ್ಲ.

ಯಾಕೆ ಹಾಗೆ? ಉದ್ದ, ಅಗಲ, ಆಳ ಮೂರೂ ಸಾವಿರ ಅಡಿ ಇರುವ ತೊಟ್ಟಿಯೊಂದನ್ನು ಊಹಿಸಿಕೊಳ್ಳಿ. ಅದರಲ್ಲಿ ಹಿಡಿಯುವ ನೀರೇ ಒಂದು ಟಿಎಂಸಿ. ಸುಮಾರು 50 ಮೀಟರಿನ ವಿರೂಪಾಕ್ಷ ಗೋಪುರವನ್ನು ಆರು ಸಲ ಒಂದರ ಮೇಲೊಂದು ನಿಲ್ಲಿಸಿದರೂ ಅಂಚು ಮುಟ್ಟಲು ಸ್ವಲ್ಪ ಉಳಿಯುತ್ತದೆ. ಒಂದು ಬದಿ 304.8 ಮೀಟರ್, ಅಂದರೆ 3,048 ಡೆಸಿಮೀಟರ್. ಲೀಟರ್ ಎಂಬುದು ಒಂದು ಘನ ಡೆಸಿಮೀಟರ್. ಹಾಗಾಗಿ 3,048 ಅನ್ನು ಅದರಿಂದಲೇ ಗುಣಿಸಿ, ಬಂದದ್ದನ್ನು ಮತ್ತೊಮ್ಮೆ 3,048ರಿಂದ ಗುಣಿಸಿದರೆ ಮೇಲಿನ ಸಂಖ್ಯೆಯೇ ಸಿಗುತ್ತದೆ. ಅದೊಂದು ಪೂರ್ಣ ಘನ.

ಇನ್ನು 3,048 ಅನ್ನು ಒಡೆದು ನೋಡೋಣ: 2 × 2 × 2 × 3 × 127. ಘನವಾದ್ದರಿಂದ ದೊಡ್ಡ ಸಂಖ್ಯೆಯಲ್ಲಿ ಪ್ರತಿಯೊಂದೂ ಮೂರು ಪಟ್ಟು ಬರುತ್ತದೆ: 2 ಒಂಬತ್ತು ಸಲ, 3 ಮೂರು ಸಲ, 127 ಮೂರು ಸಲ. ಬೇಕಿದ್ದರೆ ಪರೀಕ್ಷಿಸಿ. ಅಂಕಿಗಳನ್ನೆಲ್ಲ ಕೂಡಿದರೆ 54, ಆದ್ದರಿಂದ 9ರಿಂದ ಭಾಗವಾಗುತ್ತದೆ. ಕೊನೆಯ ಮೂರು ಅಂಕಿ 592, ಅದು 8ರಿಂದ ಹೋಗುತ್ತದೆ. ತಮಾಷೆಯೆಂದರೆ, 5ರಿಂದ ಹೋಗುವುದಿಲ್ಲ. ಘನ ಅಡಿಯಲ್ಲಿ ಐವರಿಗೆ ಉಳಿಕೆಯಿಲ್ಲದೆ ಹಂಚಬಹುದಾದ ಅದೇ ನೀರನ್ನು ಲೀಟರಿನಲ್ಲಿ ಹಂಚಿದರೆ ಎರಡು ಲೀಟರ್ ಮಿಗುತ್ತದೆ. ನೀರು ಬದಲಾಗಿಲ್ಲ, ಅಳತೆ ಬದಲಾಗಿದೆ ಅಷ್ಟೆ.

ಅವಿಭಾಜ್ಯ ಸಂಖ್ಯೆಯಾದ 127 ಎಲ್ಲಿಂದ ನುಸುಳಿತು? ಇಂಚಿನಿಂದ. ಇಂಚಿಗೆ 25.4 ಮಿಲಿಮೀಟರ್; 254 ಎಂದರೆ 127ರ ಎರಡರಷ್ಟು. ಇದು ಪ್ರಕೃತಿ ಕೊಟ್ಟದ್ದಲ್ಲ, 1959ರಲ್ಲಿ ಅಮೆರಿಕ, ಬ್ರಿಟನ್ ಮೊದಲಾದ ದೇಶಗಳು ಕೂತು ಒಪ್ಪಿಕೊಂಡದ್ದು. ಲೀಟರ್ ಕೂಡ 1964ರವರೆಗೆ ಘನ ಡೆಸಿಮೀಟರಿಗಿಂತ ಕೂದಲೆಳೆಯಷ್ಟು ದೊಡ್ಡದಿತ್ತು. ಎಂದರೆ 1953ರಲ್ಲಿ ತುಂಗಭದ್ರೆಯಲ್ಲಿ ನೀರು ನಿಂತಾಗ ಈ ಚೊಕ್ಕ ಪೂರ್ಣಾಂಕ ಇನ್ನೂ ಹುಟ್ಟಿರಲಿಲ್ಲ.

ಒಂದು ಎಚ್ಚರಿಕೆ ಬೇಕು. ಟಿಎಂಸಿಯ ವ್ಯಾಖ್ಯೆ ಕರಾರುವಾಕ್ಕಾದ ಮಾತ್ರಕ್ಕೆ ಡ್ಯಾಮಿನ ಸಂಗ್ರಹವೂ ಹಾಗೆಯೇ ಎನ್ನಲಾಗದು. ಮೊದಲು 130 ಟಿಎಂಸಿಗೂ ಹೆಚ್ಚು ಹಿಡಿಯುತ್ತಿದ್ದ ಜಲಾಶಯದ ಸಾಮರ್ಥ್ಯ ಹೂಳು ತುಂಬಿ 105.788ಕ್ಕೆ ಇಳಿದಿದೆ. ಆ ಕೊನೆಯ 8 ಒಂದೇ ಒಂದು ಅಂಕಿ ಆಚೀಚೆಯಾದರೂ ಲೆಕ್ಕದಲ್ಲಿ 2.83 ಕೋಟಿ ಲೀಟರ್ ಏರುಪೇರಾಗುತ್ತದೆ.