ಓದುಗರಿಲ್ಲ ಎನ್ನುವ ನಮ್ಮ ಸಬೂಬು

ಕಳೆದ ತಿಂಗಳು ಒಂದು ಭಾನುವಾರ ಬಳ್ಳಾರಿಯಲ್ಲಿ ನಾವು ಹನ್ನೊಂದು ಜನ ಕತೆಗಾರರು ಸೇರಿದ್ದೆವು. ಆರು ಜನ ನಗರದವರು, ಮೂವರು ಸಿರುಗುಪ್ಪದವರು, ಇಬ್ಬರು ಕುರುಗೋಡಿನವರು. ಎಲ್ಲರೂ ಕೈಯಿಂದ ದುಡ್ಡು ಹಾಕಿ ಕಥಾಸಂಕಲನವನ್ನೋ ಕಾದಂಬರಿಯನ್ನೋ ಅಚ್ಚು ಹಾಕಿಸಿದವರು. ಮೇಷ್ಟ್ರು, ಬ್ಯಾಂಕಿನವರು, ಗೊಬ್ಬರದ ಅಂಗಡಿ ಇಟ್ಟವರು, ಕೆಲಸ ಹುಡುಕುತ್ತಿರುವವರು. ಈ ಭಾಗದ ಲೇಖಕರು ತಾವೇ ಪ್ರಕಟಿಸಿಕೊಂಡ ಕಥನ ಸಾಹಿತ್ಯದ ಮೇಲೆ ನಾನು ಪಿಎಚ್.ಡಿ. ಮಾಡುತ್ತಿರುವುದರಿಂದ ನನಗೆ ಅದು ಸಭೆಯೂ ಹೌದು, ಕ್ಷೇತ್ರಕಾರ್ಯವೂ ಹೌದು.

ಎರಡು ಗಂಟೆಯ ಮಾತಿನ ಸಾರ ಒಂದೇ: "ಈಗ ಓದೋರು ಎಲ್ಲಿದ್ದಾರ್ರೀ?" ಮೊಬೈಲಿಗೆ ಬೈದಾಯಿತು, ಧಾರಾವಾಹಿಗೆ ಬೈದಾಯಿತು, ಇಂಗ್ಲಿಷ್ ಮೀಡಿಯಮ್ಮಿಗೆ, ಬೆಂಗಳೂರಿಗೆ, ತೆಲುಗಿಗೆ ಬೈದಾಯಿತು. 2021ರಲ್ಲಿ ಜಿಲ್ಲೆ ಒಡೆದ ಮೇಲೆ ಕೊಟ್ಟೂರಿನ ಕುಂವೀ ಅವರೂ ಹಂಪಿಯ ಕನ್ನಡ ವಿಶ್ವವಿದ್ಯಾಲಯವೂ ವಿಜಯನಗರದ ಪಾಲಾದರು, ನಮಗೆ ಉಳಿದದ್ದು ಧೂಳು ಎಂದು ಒಬ್ಬರು ನಕ್ಕರು. ಮಂಡಕ್ಕಿ ಒಗ್ಗರಣೆ, ಮಿರ್ಚಿ ಬಂತು. ಆಗ ನಾನು ಎರಡು ಪ್ರಶ್ನೆ ಕೇಳಿದೆ. ನಿಮ್ಮ ಪುಸ್ತಕವನ್ನು ದುಡ್ಡು ಕೊಟ್ಟು ಕೊಂಡು ಓದಿದ, ನಿಮಗೆ ಮೊದಲು ಗುರುತೇ ಇಲ್ಲದ ಒಬ್ಬ ಓದುಗರ ಹೆಸರು ಹೇಳುತ್ತೀರಾ? ಇಬ್ಬರು ಕೈ ಎತ್ತಿದರು. ಇಲ್ಲಿ ಕೂತಿರುವ ಉಳಿದ ಹತ್ತು ಜನರಲ್ಲಿ ಎಷ್ಟು ಜನರ ಪುಸ್ತಕ ಓದಿದ್ದೀರಿ? ಇದಕ್ಕೆ ಯಾರ ಕೈಯೂ ಸರಿಯಾಗಿ ಮೇಲೇಳಲಿಲ್ಲ. ಹಿರಿಯರೊಬ್ಬರು ಮಾತ್ರ "ತಂಗಿ, ನಿನ್ನ ಥೀಸಿಸ್ ನಮ್ಮ ಮ್ಯಾಲೆ ಬರೀತೀಯೋ ನಮ್ಮ ವಿರುದ್ಧ ಬರೀತೀಯೋ?" ಎಂದರು.

ವಿರುದ್ಧವೇ ಬರೆಯುತ್ತಿದ್ದೇನೆ ಎಂದಿಟ್ಟುಕೊಳ್ಳಿ, ಸರ್. ಮೊದಲ ಆರೋಪಿ ನಾನೇ.

ಮೂರು ವರ್ಷದ ಹಿಂದೆ ಫೆಲೋಶಿಪ್ ಹಣ ಉಳಿಸಿ ನನ್ನ ಕಥಾಸಂಕಲನದ 300 ಪ್ರತಿ ಅಚ್ಚು ಹಾಕಿಸಿದೆ. 136 ಪುಟ, ಖರ್ಚು 31,000 ರೂಪಾಯಿ. ಬಿಡುಗಡೆಯ ದಿನ 38 ಪ್ರತಿ ಹೋದವು. ಕೊಂಡವರೆಲ್ಲ ಗೆಳೆಯರು, ನೆಂಟರು, ನನ್ನ ಗೈಡ್. "ಗೌರವಪೂರ್ವಕ" ಎಂದು ಬರೆದು ಹಿರಿಯ ಲೇಖಕರಿಗೆ, ವಿಮರ್ಶಕರಿಗೆ, ಸಂಪಾದಕರಿಗೆ ಕಳಿಸಿದ್ದು 112. ಒಬ್ಬ ಪುಸ್ತಕ ವ್ಯಾಪಾರಿ ಶೇಕಡಾ 40 ರಿಯಾಯಿತಿಗೆ 25 ಪ್ರತಿ ಇಟ್ಟುಕೊಂಡು ಒಂದು ವರ್ಷದ ನಂತರ 19 ವಾಪಸ್ ಕೊಟ್ಟರು. ಉಳಿದವು ಈಗಲೂ ಸಿರುಗುಪ್ಪದ ನಮ್ಮ ಮನೆಯಲ್ಲಿ ಅಪ್ಪನ ಮಂಚದ ಕೆಳಗೆ ಇವೆ. ಅಪ್ಪ ಅಕ್ಕಿ ಗಿರಣಿಯಲ್ಲಿ ಲೆಕ್ಕ ಬರೆಯುವವರು. "ದಾಸ್ತಾನು ಭಾಳ ಆತು ನೋಡವಾ" ಎಂದು ಅವರ ಭಾಷೆಯಲ್ಲೇ ಹೇಳಿದರು. ಲೆಕ್ಕ ಹಾಕಿದರೆ, ನನಗೆ ಗುರುತಿಲ್ಲದೆ ದುಡ್ಡು ಕೊಟ್ಟು ನನ್ನ ಪುಸ್ತಕ ಕೊಂಡವರು ಹೆಚ್ಚೆಂದರೆ ಆರು ಜನ. ಅವರ ಹೆಸರೂ ನನಗೆ ಗೊತ್ತಿಲ್ಲ. ಆದರೂ ಎಲ್ಲ ಸಭೆಗಳಲ್ಲಿ ನಾನೂ "ಓದುಗರಿಲ್ಲ" ಎಂದು ನಿಟ್ಟುಸಿರು ಬಿಡುತ್ತಿದ್ದೆ. ಹುಡುಕಲು ಮನೆಯಿಂದ ಹೊರಗೇ ಹೋಗದವಳು ಊರಲ್ಲಿ ಯಾರೂ ಇಲ್ಲ ಎಂದು ಹೇಗೆ ಹೇಳಿಯಾಳು?

ಹಾಗಾದರೆ ನಾವು ಬರೆಯುತ್ತಿರುವುದು ಯಾರಿಗೆ? ನನ್ನ ಟಿಪ್ಪಣಿ ಪುಸ್ತಕ ತಿರುವಿದರೆ ಮೂವರು ಸಿಗುತ್ತಾರೆ. ಒಬ್ಬರು ಕಥಾಸ್ಪರ್ಧೆಯ ತೀರ್ಪುಗಾರರು. ಇನ್ನೊಬ್ಬರು ಗ್ರಂಥಾಲಯ ಇಲಾಖೆಯ ಪುಸ್ತಕ ಆಯ್ಕೆ ಸಮಿತಿ. ಮೂರನೆಯವರು ಜೊತೆಯ ಲೇಖಕರು. ನಮ್ಮ ಬರವಣಿಗೆಯ ಅಭ್ಯಾಸವೂ ಇವರನ್ನು ನೋಡಿಕೊಂಡೇ ರೂಪುಗೊಂಡಿದೆ. ನೀವು ಯಾವಾಗ ಬರೆಯುತ್ತೀರಿ ಎಂದು ಕೇಳಿದಾಗ ಹೆಚ್ಚಿನವರು ಹೇಳಿದ್ದು ಬೆಳಗ್ಗೆ, ರಾತ್ರಿ ಎಂದಲ್ಲ. "ದೀಪಾವಳಿ ಸ್ಪರ್ಧೆ ಕರೆದಾಗ" ಎಂದು. ವರ್ಷದಲ್ಲಿ ಒಂದೋ ಎರಡೋ ಕತೆ, ಕೊನೆಯ ದಿನಾಂಕದ ಹಿಂದಿನ ವಾರ, ಪದಮಿತಿಯೊಳಗೆ. ಹಿಂದಿನ ವರ್ಷ ಬಹುಮಾನ ಬಂದ ಕತೆಯ ಧಾಟಿ ಈ ವರ್ಷ ಹತ್ತು ಕತೆಗಳಲ್ಲಿ ಕೇಳಿಸುತ್ತದೆ. ಸ್ಪರ್ಧೆಗಳು ಕೆಟ್ಟವು ಎಂದು ನಾನು ಹೇಳುತ್ತಿಲ್ಲ. ಕನ್ನಡಕ್ಕೆ ಎಷ್ಟೋ ಒಳ್ಳೆಯ ಕತೆಗಾರರು ಅಲ್ಲಿಂದಲೇ ಬಂದಿದ್ದಾರೆ. ಆದರೆ ಸ್ಪರ್ಧೆ ಬಾಗಿಲು. ಬಾಗಿಲಲ್ಲೇ ಹಾಸಿಗೆ ಹಾಸಿಕೊಂಡರೆ ಒಳಗೆ ಹೋಗುವುದು ಯಾವಾಗ?

ಇನ್ನು ಗ್ರಂಥಾಲಯದ ಸಗಟು ಖರೀದಿ. ಆಯ್ಕೆಯಾದರೆ ಸುಮಾರು 300 ಪ್ರತಿ ಹೋಗುತ್ತದೆ, ಬೆಲೆ ಪುಟದ ಲೆಕ್ಕದಲ್ಲಿ. ಹಾಗಾಗಿ 90 ಪುಟದಲ್ಲಿ ಮುಗಿಯಬೇಕಾದ ಕಾದಂಬರಿ 160 ಪುಟಕ್ಕೆ ಉಬ್ಬುತ್ತದೆ. ಮುನ್ನುಡಿ, ಬೆನ್ನುಡಿ, ಹಾರೈಕೆ, ಲೇಖಕರ ಮಾತು ಎಲ್ಲ ಸೇರಿ ಕತೆ ಶುರುವಾಗುವಾಗ ಹದಿನೆಂಟನೇ ಪುಟ. ಹಣ ಬರುವುದು ತಡವಾದಾಗ ಸರ್ಕಾರವನ್ನು ಬೈಯುವುದು ನ್ಯಾಯವೇ. ಆದರೆ ಆ ಪ್ರತಿಗಳು ಕಪಾಟಿನಿಂದ ಇಳಿದವೇ, ಯಾರಾದರೂ ಓದಿದರೇ ಎಂದು ತಾಲ್ಲೂಕು ಗ್ರಂಥಾಲಯಕ್ಕೆ ಹೋಗಿ ಕೇಳಿದ ಒಬ್ಬ ಲೇಖಕರೂ ನನಗೆ ಸಿಕ್ಕಿಲ್ಲ.

ಪ್ರಚಾರವೆಂದರೆ ನಮ್ಮಲ್ಲಿ ಬಿಡುಗಡೆ ಸಮಾರಂಭ. ಶಾಲು, ಹಾರ, ವೇದಿಕೆ ಮೇಲೆ ಒಂಬತ್ತು ಜನ, ಕೆಳಗೆ ನಲವತ್ತು. ಪುಸ್ತಕ ಓದದ ಮುಖ್ಯ ಅತಿಥಿ ಸಾಹಿತ್ಯದ ಮಹತ್ವ ಕುರಿತು ಮುಕ್ಕಾಲು ಗಂಟೆ ಮಾತಾಡುತ್ತಾರೆ. ಮರುದಿನ ಪತ್ರಿಕೆಯಲ್ಲಿ ಫೋಟೊ, ವಾಟ್ಸಾಪ್ ಸ್ಟೇಟಸ್ಸು, ನೂರು "ಅಭಿನಂದನೆಗಳು". ಅಲ್ಲಿಗೆ ಪುಸ್ತಕದ ಆಯುಷ್ಯ ಮುಗಿಯಿತು.

ಈಗ ನನ್ನ ಕಣ್ಣು ತೆರೆಸಿದ ಸಂಗತಿ ಹೇಳುತ್ತೇನೆ. ನನ್ನ ಸಂಕಲನದ ಮೂರನೇ ಕತೆ ಬಳ್ಳಾರಿಯ ಜೀನ್ಸ್ ಹೊಲಿಯುವ ಹುಡುಗಿಯೊಬ್ಬಳದು. ಅದಕ್ಕೆ ಬಹುಮಾನ ಬಂದಿತ್ತು. ದುಡಿಯುವ ಹೆಣ್ಣಿನ ಬದುಕಿನ ಅಧಿಕೃತ ಚಿತ್ರಣ ಎಂದು ಹೊಗಳಿಕೆಯೂ ಬಂದಿತ್ತು. ಪುಸ್ತಕ ಮಂಚದ ಕೆಳಗೆ ಸೇರಿದ ಮೇಲೆ, ಬೇಸರದಿಂದ, ಆ ಕತೆಯನ್ನು ಐದು ಕಂತು ಮಾಡಿ ಪ್ರತಿಲಿಪಿಗೆ ಹಾಕಿದೆ. ನಾಲ್ಕನೇ ದಿನ ಒಂದು ಸಂದೇಶ ಬಂತು. ಬರೆದವಳು ಇಲ್ಲಿಯದೇ ಒಂದು ಹೊಲಿಗೆ ಯೂನಿಟ್ಟಿನ ಕೆಲಸಗಾರ್ತಿ: "ಅಕ್ಕಾ, ಕತಿ ಚಲೋ ಐತಿ. ಆದ್ರ ನಿಮ್ಮ ಹುಡುಗಿ ಒಬ್ಬಾಕಿನೇ ಇಡೀ ಪ್ಯಾಂಟು ಹೊಲೀತಾಳಲ್ರೀ. ನಮ್ಮ ಯೂನಿಟ್‌ನ್ಯಾಗ ಹಂಗ ಯಾರೂ ಹೊಲಿಯಂಗಿಲ್ಲ. ಒಬ್ಬರು ಜೇಬು, ಒಬ್ಬರು ಜಿಪ್ಪು, ಒಬ್ಬರು ಬೆಲ್ಟು. ಪೀಸಿನ ಲೆಕ್ಕ. ಆಕಿ ಕಿಟಕಿ ಕಡಿ ನೋಡ್ಕೋತ ಕುಂತ್ರ ಹಿಂದಿನಾಕಿ ಬಿಡ್ತಾಳೇನು?"

ನನ್ನ ಕತೆಯ ತಿರುವು ಇದ್ದದ್ದೇ ಆ ಕಿಟಕಿಯಲ್ಲಿ. ತೀರ್ಪುಗಾರರಿಗೆ, ವಿಮರ್ಶಕರಿಗೆ, ನನ್ನ ಗೈಡ್‌ಗೆ ಕಾಣದ ತಪ್ಪು ಆಕೆಗೆ ಚಹಾದ ಬಿಡುವಿನಲ್ಲಿ ಫೋನಿನಲ್ಲಿ ಓದುವಾಗ ಕಂಡಿತು. ಇಷ್ಟು ಹತ್ತಿರದ ಓದುಗಳನ್ನು ನಾನು "ಇಲ್ಲ" ಎನ್ನುತ್ತಿದ್ದೆ.

ನಮ್ಮ ಸೀಮೆಗೆ ಕತೆಯ ಹಸಿವು ಹೊಸದಲ್ಲ. 2014ರಲ್ಲಿ ತೀರಿಕೊಂಡ ದರೋಜಿ ಈರಮ್ಮ ಅಕ್ಷರ ಕಲಿತವರಲ್ಲ. ಬುರ್ರಕಥೆ ಹೇಳುತ್ತ ಊರೂರು ತಿರುಗಿದವರು. ಬಯಲಲ್ಲಿ ಕತೆ ಹೇಳುವವರಿಗೆ ಕೇಳುವವರ ಕಣ್ಣು ಮುಚ್ಚಿತೋ ತೆರೆಯಿತೋ ಎಂಬುದು ಆಗಲೇ ಗೊತ್ತಾಗುತ್ತದೆ. ಯಂಡಮೂರಿ ವೀರೇಂದ್ರನಾಥರ ತೆಲುಗು ಕಾದಂಬರಿಗಳು ಕನ್ನಡಕ್ಕೆ ಬಂದಾಗ ನಮ್ಮ ಅತ್ತೆಯಂದಿರು ವಾರ ವಾರ ಕಾದು ಓದಿದರು. ತೆಲುಗು ನಮ್ಮ ಓದುಗರನ್ನು ಕಿತ್ತುಕೊಂಡಿತು ಎನ್ನುವವರು ಇದನ್ನೂ ಲೆಕ್ಕಕ್ಕೆ ಹಿಡಿಯಬೇಕು: ಆ ಕತೆಯನ್ನು ಅವರು ಓದಿದ್ದು ಕನ್ನಡದಲ್ಲಿ.

"ಲೇಖಕ ಬರೀಬೇಕು, ಮಾರೋದು ಅವನ ಕೆಲಸ ಅಲ್ಲ" ಎಂದು ಅಂದಿನ ಸಭೆಯಲ್ಲಿ ಒಬ್ಬರು ಗದರಿದರು. ಗಳಗನಾಥರು ತಮ್ಮ ಕಾದಂಬರಿಗಳ ಗಂಟನ್ನು ತಲೆಯ ಮೇಲೆ ಹೊತ್ತು ಊರೂರಿಗೆ ನಡೆದು ಮಾರಿದರು. ಶಿವರಾಮ ಕಾರಂತರು ಪುತ್ತೂರಿನಲ್ಲಿ ತಮ್ಮದೇ ಪ್ರಕಾಶನ ನಡೆಸಿದರು. ನಮ್ಮ ಸಂಡೂರಿನ ವಸುಧೇಂದ್ರ ಛಂದ ಪುಸ್ತಕ ಕಟ್ಟಿ, ತಮ್ಮ ಕೃತಿಗಳ ಜೊತೆಗೆ ಹಸ್ತಪ್ರತಿ ಸ್ಪರ್ಧೆಯ ಮೂಲಕ ಹೊಸ ಕತೆಗಾರರ ಮೊದಲ ಸಂಕಲನಗಳನ್ನೂ ಓದುಗರಿಗೆ ಮುಟ್ಟಿಸಿದರು. ಇದೇ ಬಳ್ಳಾರಿಯಲ್ಲಿ ಕೂತು ಸಿ. ಚನ್ನಬಸವಣ್ಣನವರು ಲೋಹಿಯಾ ಪ್ರಕಾಶನದಿಂದ ನಾಡಿನ ಮುಖ್ಯ ಲೇಖಕರ ಪುಸ್ತಕ ತಂದರು. ಇವರಲ್ಲಿ ಯಾರ ಮಾನ ಕಡಿಮೆಯಾಯಿತು? ಓದುಗನ ಎದುರು ಕೈಚಾಚಿ ನಿಲ್ಲಲು ನಾಚಿಕೆ, ಅತಿಥಿಯ ಎದುರು ಶಾಲಿಗೆ ಕತ್ತು ಬಗ್ಗಿಸಲು ನಾಚಿಕೆಯಿಲ್ಲ ಎಂದರೆ ಅದು ಸ್ವಾಭಿಮಾನವೇ?

ಇನ್ನೊಂದು ಆಕ್ಷೇಪಕ್ಕೆ ತೂಕವಿದೆ. ಫೋನಿನ ಓದು ಬರವಣಿಗೆಯನ್ನು ಕೆಡಿಸುತ್ತದೆ. ಪ್ರತಿ ಕಂತಿನ ಕೊನೆಗೆ ಬಾಗಿಲು ಬಡಿಯಬೇಕು, ಬಾಸ್ ಕೆಲಸದ ಹುಡುಗಿಯನ್ನು ಪ್ರೀತಿಸಬೇಕು ಎಂಬುದು ಸುಳ್ಳಲ್ಲ. ಓದಿದವರ ಸಂಖ್ಯೆ ನೋಡುತ್ತ ಬರೆಯುವುದೂ ತೀರ್ಪುಗಾರರನ್ನು ನೋಡುತ್ತ ಬರೆದಷ್ಟೇ ಗುಲಾಮಗಿರಿ. ನಾನು ಹೇಳುವುದು ಓದುಗರು ಕೇಳಿದ್ದನ್ನು ಬರೆಯಿರಿ ಎಂದಲ್ಲ. ಆ ಹೊಲಿಗೆಯಾಕೆ ನನ್ನಿಂದ ಪ್ರೇಮಕತೆ ಕೇಳಲಿಲ್ಲ; ಸುಳ್ಳು ಹೇಳಬೇಡ ಎಂದಳು. ಇದಕ್ಕಿಂತ ದೊಡ್ಡ ವಿಮರ್ಶೆ ನನಗೆ ಬಂದಿಲ್ಲ.

ಆದ್ದರಿಂದ ಗೆಳೆಯರೇ, ನಮ್ಮ ಗುಂಪಿನ ಮುಂದೆ ನಾನು ಇಟ್ಟದ್ದು ಸಣ್ಣ ಬೇಡಿಕೆಗಳು. ಗೌರವ ಪ್ರತಿ ನಿಲ್ಲಿಸೋಣ. ಒಬ್ಬರ ಪುಸ್ತಕ ಇನ್ನೊಬ್ಬರು ಕೊಂಡು ಓದೋಣ. ಅಚ್ಚಿಗೆ ಹೋಗುವ ಮುಂಚೆ ಲೇಖಕರಲ್ಲದ ಇಬ್ಬರಿಗೆ ಕತೆ ಓದಿ ಹೇಳೋಣ, ಅವರಲ್ಲಿ ಒಬ್ಬರು ಆ ಕತೆಯ ಕಸುಬು ಬಲ್ಲವರಿರಲಿ. ಸ್ಪರ್ಧೆ ಕರೆಯಲಿ ಬಿಡಲಿ, ವಾರಕ್ಕೆ ಮೂರು ದಿನ ಬರೆಯೋಣ. ಸಮಾರಂಭದ ಖರ್ಚಿನಲ್ಲಿ ಕುರುಗೋಡಿನ ದೊಡ್ಡಬಸವೇಶ್ವರ ಜಾತ್ರೆಯಲ್ಲಿ ಬಳೆ, ಬೆಂಡು ಬತ್ತಾಸಿನ ಅಂಗಡಿಗಳ ಸಾಲಿನಲ್ಲಿ ಒಂದು ಮೇಜು ಹಾಕಿ ಕೂರೋಣ. ಹನ್ನೊಂದರಲ್ಲಿ ನಾಲ್ವರು ಒಪ್ಪಿದರು. ಗದರಿದವರೂ ಆ ನಾಲ್ವರಲ್ಲಿ ಒಬ್ಬರು.

ನಾನು ಮೂರನೇ ಕತೆಯನ್ನು ಮತ್ತೆ ಬರೆಯುತ್ತಿದ್ದೇನೆ. ಕಿಟಕಿ ಹೋಗಿದೆ; ಹಿಂದಿನ ಮಷೀನಿನಾಕೆ ಬಂದಿದ್ದಾಳೆ, ಮತ್ತು ಕತೆ ಈಗ ಅವಳ ಕಡೆಗೆ ತಿರುಗುತ್ತಿದೆ. ಮುಗಿದ ಮೇಲೆ ಮೊದಲು ಓದುವವಳು ಯಾರೆಂದು ತೀರ್ಮಾನವಾಗಿದೆ. "ಭಾನುವಾರ ಕಳಸ್ರೀ ಅಕ್ಕಾ, ಅವತ್ತು ರಜಾ" ಎಂದಿದ್ದಾಳೆ.